ಸರ್ಕಾರಕ್ಕೆ ಕೊಟ್ಟ ಸಲಹೆ ಎಲ್ಲಿಗೆ ಹೋಯಿತು? ಸುಸ್ಥಿರ ಅಭಿವೃದ್ಧಿ ಸಲಹಾ ಮಂಡಳಿಗಳ ಕೆಲಸ ಅಳೆಯಲು ಒಂದು ಸಮಗ್ರ ಮಾರ್ಗದರ್ಶಿ

ಯಾವುದಾದರೂ ಸಲಹಾ ಮಂಡಳಿಯ ವಾರ್ಷಿಕ ವರದಿ ತೆಗೆದು ನೋಡಿ. ಇಷ್ಟು ಸಭೆ ನಡೆಸಿದೆವು, ಇಷ್ಟು ವರದಿ ಕೊಟ್ಟೆವು, ಇಷ್ಟು ಕಾರ್ಯಾಗಾರ ಮಾಡಿದೆವು, ಜೊತೆಗೆ ಒಂದಿಷ್ಟು ಗ್ರೂಪ್ ಫೋಟೋ. ಸರ್ಕಾರ ಆ ಸಲಹೆಯನ್ನು ಓದಿತಾ, ಓದಿ ಏನಾದರೂ ಬದಲಾಯಿಸಿತಾ ಅನ್ನುವುದು ಮಾತ್ರ ಎಲ್ಲೂ ಸಿಗುವುದಿಲ್ಲ. ಅದನ್ನು ಪತ್ತೆ ಮಾಡುವುದು ಹೇಗೆ ಅಂತ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನೀವು ಸಂಶೋಧನೆ ಮಾಡುವ ವಿದ್ಯಾರ್ಥಿ ಆಗಿರಬಹುದು, ಪತ್ರಕರ್ತರಾಗಿರಬಹುದು, ಸಂಸದೀಯ ಸಮಿತಿಗೆ ಕೆಲಸ ಮಾಡುವವರಾಗಿರಬಹುದು, ಅಥವಾ ಅಂಥ ಮಂಡಳಿಯ ಒಳಗೇ ಇರಬಹುದು. ವಿಧಾನ ಹೆಚ್ಚುಕಮ್ಮಿ ಒಂದೇ.

ಮೊದಲು ಸ್ವಲ್ಪ ಹಿನ್ನೆಲೆ. 1992ರಲ್ಲಿ ರಿಯೋ ಡಿ ಜನೈರೋದ ವಿಶ್ವಸಂಸ್ಥೆಯ ಭೂಶೃಂಗಸಭೆಯಲ್ಲಿ ಅಜೆಂಡಾ 21 ಅನ್ನುವ ದಾಖಲೆಗೆ ದೇಶಗಳು ಒಪ್ಪಿದವು. ಅದರ 8ನೇ ಅಧ್ಯಾಯ ಪ್ರತಿ ದೇಶಕ್ಕೂ ಸುಸ್ಥಿರ ಅಭಿವೃದ್ಧಿಗೆ (ಅಂದರೆ ಮುಂದಿನ ಪೀಳಿಗೆಗೂ ಪರಿಸರ, ಸಂಪನ್ಮೂಲ ಉಳಿಸಿಕೊಂಡು ಸಾಗುವ ಅಭಿವೃದ್ಧಿಗೆ) ಒಂದು ರಾಷ್ಟ್ರೀಯ ಕಾರ್ಯತಂತ್ರ ಇರಬೇಕು ಅಂದಿತು. ಅದರ ಬೆನ್ನಿಗೇ ಈ ವಿಷಯದಲ್ಲಿ ಸರ್ಕಾರಕ್ಕೆ ಸಲಹೆ ಕೊಡುವ ಮಂಡಳಿಗಳು ಸಾಲಾಗಿ ಹುಟ್ಟಿದವು. ಅದೇ ವರ್ಷ ಫಿಲಿಪೀನ್ಸ್, 1993ರಲ್ಲಿ ಫಿನ್ಲೆಂಡ್ ಮತ್ತು ಅಮೆರಿಕ, 1997ರಲ್ಲಿ ಬೆಲ್ಜಿಯಂ, 2000ದಲ್ಲಿ ಬ್ರಿಟನ್, 2001ರಲ್ಲಿ ಜರ್ಮನಿ. ಇವುಗಳಲ್ಲಿ ಎಲ್ಲವೂ ಉಳಿಯಲಿಲ್ಲ. ಅಮೆರಿಕದ್ದು 1999ಕ್ಕೆ ಮುಗಿಯಿತು. ಬ್ರಿಟನ್ನಿನ ಸುಸ್ಥಿರ ಅಭಿವೃದ್ಧಿ ಆಯೋಗವನ್ನು 2011ರ ಮಾರ್ಚ್‌ನಲ್ಲಿ ಮುಚ್ಚಿದರು. ಕೆನಡಾದಲ್ಲಿ 1988ರಲ್ಲೇ ಶುರುವಾಗಿದ್ದ ಪರಿಸರ ಮತ್ತು ಆರ್ಥಿಕತೆಯ ರಾಷ್ಟ್ರೀಯ ದುಂಡುಮೇಜು ಮಂಡಳಿ 2013ರಲ್ಲಿ ಬಾಗಿಲು ಹಾಕಿತು. ಮುಚ್ಚಿದ ಮಂಡಳಿ ಕೆಲಸಕ್ಕೆ ಬಾರದ್ದು, ಉಳಿದದ್ದು ಒಳ್ಳೆಯದು ಅಂತ ಅಂದುಕೊಳ್ಳಬೇಡಿ. ಎಷ್ಟೋ ಸಲ ಉಲ್ಟಾ ಇರುತ್ತದೆ. ಯಾರಿಗೂ ಕಿರಿಕಿರಿ ಮಾಡದ ಮಂಡಳಿಯನ್ನು ಮುಚ್ಚುವ ತಲೆನೋವು ಯಾವ ಸರ್ಕಾರಕ್ಕೆ ಬೇಕು?

ಹಂತ 1: ಏನನ್ನು ಅಳೆಯುತ್ತಿದ್ದೀರಿ ಅಂತ ಒಂದೇ ವಾಕ್ಯದಲ್ಲಿ ಬರೆಯಿರಿ

ಇಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ಜನ ಮೂರನ್ನೂ ಕಲಸಿಬಿಡುತ್ತಾರೆ. ಒಂದು, ಈ ಮಂಡಳಿ ಚೆನ್ನಾಗಿ ಕೆಲಸ ಮಾಡುತ್ತಿದೆಯಾ? ಎರಡು, ಈ ಒಂದು ಸಲಹೆಯಿಂದ ಏನಾಯಿತು? ಮೂರು, ದೇಶದ ಸುಸ್ಥಿರ ಅಭಿವೃದ್ಧಿ ನೀತಿಯೇ ಸರಿ ಇದೆಯಾ? ಜರ್ಮನಿ 2009, 2013 ಮತ್ತು 2018ರಲ್ಲಿ ಹೊರದೇಶದ ತಜ್ಞರನ್ನು ಕರೆಸಿ ಪರಿಶೀಲನೆ ಮಾಡಿಸಿತು. 2018ರ ತಂಡಕ್ಕೆ ನ್ಯೂಜಿಲೆಂಡಿನ ಮಾಜಿ ಪ್ರಧಾನಿ ಹೆಲೆನ್ ಕ್ಲಾರ್ಕ್ ಮುಖ್ಯಸ್ಥರು. ಅದು ಮೂರನೇ ಬಗೆಯದು, ಇಡೀ ನೀತಿಯ ಪರಿಶೀಲನೆ. ಸಲಹಾ ಮಂಡಳಿ ಅದರಲ್ಲಿ ಒಂದು ಭಾಗ ಅಷ್ಟೇ. ಅದನ್ನೇ ಮಂಡಳಿಯ ಮೌಲ್ಯಮಾಪನ ಅಂತ ಓದಿದರೆ ದಾರಿ ತಪ್ಪುತ್ತೀರಿ.

ಈ ಮಾರ್ಗದರ್ಶಿ ಮೊದಲ ಎರಡಕ್ಕೆ. ಕಾಲಾವಧಿಯನ್ನೂ ಈಗಲೇ ಗೊತ್ತು ಮಾಡಿಕೊಳ್ಳಿ. ಕಳೆದ ವರ್ಷದ ಸಲಹೆಯ ಫಲವನ್ನು ಈ ವರ್ಷ ಹುಡುಕಿದರೆ ಏನೂ ಸಿಗುವುದಿಲ್ಲ. ಕನಿಷ್ಠ ಒಂದು ಚುನಾವಣೆಯಾದರೂ ಮಧ್ಯೆ ಬಂದಿರುವಂಥ ಅವಧಿ ಆರಿಸಿಕೊಳ್ಳಿ. ಸರ್ಕಾರ ಬದಲಾದಾಗ ಸಲಹೆ ಉಳಿಯಿತಾ, ಸತ್ತಿತಾ ಅನ್ನುವುದೇ ಎಷ್ಟೋ ಹೇಳುತ್ತದೆ.

ಹಂತ 2: ಹುಟ್ಟಿದ ಕಾಗದ ಓದಿ

ಮಂಡಳಿಯನ್ನು ಹುಟ್ಟುಹಾಕಿದ ಕಾಯ್ದೆ ಅಥವಾ ಆದೇಶವನ್ನು ಹುಡುಕಿ, ಪೂರ್ತಿ ಓದಿ. ಬೇಜಾರಿನ ಕೆಲಸ, ಆದರೆ ಮುಂದೆ ಸಿಗುವ ಅರ್ಧ ಉತ್ತರ ಇಲ್ಲೇ ಇರುತ್ತದೆ. ಕೇಳಬೇಕಾದ್ದು ಇಷ್ಟು.

ಕಾಯ್ದೆಯಿಂದ ಹುಟ್ಟಿದ್ದಾ, ಬರೀ ಆದೇಶದಿಂದಾ? ಆದೇಶದಿಂದ ಹುಟ್ಟಿದ್ದನ್ನು ಇನ್ನೊಂದು ಆದೇಶದಿಂದ ಮುಗಿಸಬಹುದು. ಸದಸ್ಯರನ್ನು ಯಾರು ನೇಮಿಸುತ್ತಾರೆ, ಯಾರು ತೆಗೆಯಬಹುದು? ದುಡ್ಡು ಯಾರ ಬಜೆಟ್ಟಿನಿಂದ ಬರುತ್ತದೆ? ಸಿಬ್ಬಂದಿ ಸ್ವಂತದವರಾ, ಇಲಾಖೆಯಿಂದ ಎರವಲು ಬಂದವರಾ? ಎರವಲು ಬಂದವರು ನಾಳೆ ಅದೇ ಇಲಾಖೆಗೆ ವಾಪಸ್ ಹೋಗಬೇಕು. ಹಾಗಾಗಿ ಕರಡಿನ ಚೂಪು ಮಾತುಗಳು ಯಾರೂ ಹೇಳದೆಯೇ ಮೊಂಡಾಗುತ್ತವೆ. ಕೇಳದಿದ್ದರೂ ಸಲಹೆ ಕೊಡುವ ಹಕ್ಕಿದೆಯಾ? ಸರ್ಕಾರದ ಅನುಮತಿ ಇಲ್ಲದೆ ಪ್ರಕಟಿಸಬಹುದಾ?

ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ಸರ್ಕಾರ ಉತ್ತರ ಕೊಡಲೇಬೇಕು ಅಂತ ಎಲ್ಲಾದರೂ ಬರೆದಿದೆಯಾ? ಬ್ರಿಟನ್ನಿನ 2008ರ ಹವಾಮಾನ ಬದಲಾವಣೆ ಕಾಯ್ದೆಯ ಪ್ರಕಾರ ಅಲ್ಲಿನ ಹವಾಮಾನ ಸಮಿತಿ ಪ್ರತಿ ವರ್ಷ ಸಂಸತ್ತಿಗೆ ಪ್ರಗತಿ ವರದಿ ಕೊಡಬೇಕು. ಸರ್ಕಾರ ಅಕ್ಟೋಬರ್ 15ರ ಒಳಗೆ ಅದಕ್ಕೆ ಉತ್ತರಿಸಬೇಕು. ಬ್ರಿಟನ್ನಿನ ಭಾಗವಾದ ವೇಲ್ಸ್‌ನ 2015ರ ಮುಂದಿನ ಪೀಳಿಗೆಗಳ ಕಾಯ್ದೆಯಲ್ಲಿ, ಆ ಪೀಳಿಗೆಗಳ ಹಿತ ಕಾಯಲು ನೇಮಿಸಿದ ಆಯುಕ್ತರ ಶಿಫಾರಸನ್ನು ಸಾರ್ವಜನಿಕ ಸಂಸ್ಥೆಗಳು ಪಾಲಿಸಬೇಕು, ಇಲ್ಲದಿದ್ದರೆ ಕಾರಣ ಹೇಳಬೇಕು. ಇಂಥ ಒಂದು ಸಾಲು ಕಾಯ್ದೆಯಲ್ಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ಅಜಗಜಾಂತರ. ಸಾಲು ಇದ್ದರೆ ನಿಮ್ಮ ಕೈಗೆ ಲಿಖಿತ ಉತ್ತರಗಳು ಸಿಗುತ್ತವೆ. ಇಲ್ಲದಿದ್ದರೆ ಸರ್ಕಾರದ ಮೌನವನ್ನು ನೀವೇ ಓದಬೇಕು.

ಹಂತ 3: ಸಲಹೆಗಳ ನೋಂದಣಿ ಪಟ್ಟಿ ಮಾಡಿ

ಇಡೀ ಕೆಲಸದ ಬೆನ್ನೆಲುಬು ಇದು, ಹಾಗಾಗಿ ಇಲ್ಲಿ ಸಮಯ ಹಾಕಿ. ಒಂದು ಸ್ಪ್ರೆಡ್‌ಶೀಟ್ ತೆಗೆಯಿರಿ. ನೀವು ಆರಿಸಿಕೊಂಡ ಅವಧಿಯ ಎಲ್ಲ ವರದಿ, ಪತ್ರ, ಹೇಳಿಕೆ, ಸಂಸದೀಯ ಸಮಿತಿ ಮುಂದಿನ ಸಾಕ್ಷ್ಯ, ಎಲ್ಲವನ್ನೂ ಇಳಿಸಿಕೊಳ್ಳಿ. ಪ್ರತಿ ಶಿಫಾರಸಿಗೂ ಒಂದು ಸಾಲು. ಕಾಲಮ್ಮುಗಳು ಹೀಗಿರಲಿ: ದಿನಾಂಕ, ಯಾವ ದಾಖಲೆ, ಶಿಫಾರಸಿನ ಮೂಲ ಮಾತು, ಯಾರಿಗೆ ಹೇಳಿದ್ದು, ಕೇಳಿ ಕೊಟ್ಟದ್ದಾ ಕೇಳದೆ ಕೊಟ್ಟದ್ದಾ, ಏನು ಬದಲಾಗಬೇಕು ಅಂದಿತು, ಯಾವಾಗಿನೊಳಗೆ, ಸರ್ಕಾರ ಏನಂದಿತು, ಆಮೇಲೆ ಏನು ಮಾಡಿತು, ಅದಕ್ಕೆ ಸಾಕ್ಷಿ ಏನು.

ಒಂದು ಉದಾಹರಣೆ ನೋಡೋಣ. ಇಂಥ ವಾಕ್ಯಗಳು ನಿಮಗೆ ರಾಶಿ ಸಿಗುತ್ತವೆ: "ಸರ್ಕಾರವು ಸಾರ್ವಜನಿಕ ಖರೀದಿಯಲ್ಲಿ ಸುಸ್ಥಿರತೆಯನ್ನು ಹೆಚ್ಚಿಸಲು ಹಾಗೂ ಇಲಾಖೆಗಳ ನಡುವಿನ ಸಮನ್ವಯವನ್ನು ಬಲಪಡಿಸಲು ಸೂಕ್ತ ಕ್ರಮಗಳನ್ನು ಕೈಗೊಳ್ಳತಕ್ಕದ್ದು." ನೋಡೋಕೆ ಒಂದು ವಾಕ್ಯ, ಒಳಗೆ ಎರಡು ಶಿಫಾರಸು. ಎರಡು ಸಾಲು ಮಾಡಿ. ಈಗ ಕಾಲಮ್ಮು ತುಂಬಿಸಿ. ಯಾರಿಗೆ ಹೇಳಿದ್ದು? "ಸರ್ಕಾರ" ಅಂದರೆ ಯಾರು, ಹಣಕಾಸು ಇಲಾಖೆಯಾ, ಖರೀದಿ ಪ್ರಾಧಿಕಾರವಾ? ಗೊತ್ತಿಲ್ಲ. ಏನು ಬದಲಾಗಬೇಕು? "ಸೂಕ್ತ ಕ್ರಮ." ಯಾವಾಗಿನೊಳಗೆ? ಖಾಲಿ. ಆಯ್ತಲ್ಲ, ಈ ಶಿಫಾರಸನ್ನು ಸರ್ಕಾರ ಕಣ್ಣು ಮುಚ್ಚಿಕೊಂಡು ಒಪ್ಪಬಹುದು. ಒಂದು ಸುತ್ತೋಲೆ ಕಳಿಸಿ "ಜಾರಿಯಾಗಿದೆ" ಅಂತ ಬರೆಯಬಹುದು. ಖಾಲಿ ಬಿದ್ದ ಕಾಲಮ್ಮುಗಳನ್ನು ಖಾಲಿಯಾಗಿಯೇ ಬಿಡಿ, ನೀವು ಊಹಿಸಿ ತುಂಬಬೇಡಿ. ಕೊನೆಗೆ ಲೆಕ್ಕ ಹಾಕಿದಾಗ ಎಷ್ಟು ಸಾಲುಗಳಲ್ಲಿ ಯಾರು, ಏನು, ಯಾವಾಗ ಮೂರೂ ಇದ್ದವು ಅನ್ನುವುದೇ ಮಂಡಳಿಯ ಬರವಣಿಗೆ ಬಗ್ಗೆ ಒಂದು ತೀರ್ಪು.

ಸಾಲುಗಳು ನೂರಾರು ಆದರೆ ಗಾಬರಿಯಾಗಬೇಡಿ. ಪಟ್ಟಿ ಪೂರ್ತಿ ಮಾಡಿ, ಆಳವಾಗಿ ನೋಡುವುದಕ್ಕೆ ಕೆಲವನ್ನು ಮಾತ್ರ ಆರಿಸಿ. ಆರಿಸುವಾಗ ಸರ್ಕಾರ ಒಪ್ಪಿದ್ದು, ಅರ್ಧ ಒಪ್ಪಿದ್ದು, ತಿರಸ್ಕರಿಸಿದ್ದು, ಉತ್ತರವನ್ನೇ ಕೊಡದಿದ್ದು, ನಾಲ್ಕೂ ಬರಬೇಕು. ಮಂಡಳಿಯನ್ನೇ "ನಿಮ್ಮ ಮುಖ್ಯ ಸಲಹೆ ಯಾವುದು" ಅಂತ ಕೇಳಿ ಆರಿಸಬೇಡಿ. ಅವರು ಗೆದ್ದದ್ದನ್ನೇ ತೋರಿಸುತ್ತಾರೆ. ಅವರ ಜಾಗದಲ್ಲಿ ನೀವಿದ್ದರೂ ಹಾಗೇ ಮಾಡ್ತಿದ್ರಿ.

ಹಂತ 4: ಸರ್ಕಾರದ ಉತ್ತರವನ್ನು ವಿಂಗಡಿಸಿ, ಶೇಕಡಾವಾರಿಗೆ ಮರುಳಾಗಬೇಡಿ

ನೂರರಲ್ಲಿ ಎಂಬತ್ತು ಶಿಫಾರಸು ಒಪ್ಪಿದ್ದಾರೆ ಅಂತ ಯಾರಾದರೂ ಹೆಮ್ಮೆಯಿಂದ ಹೇಳಿದರೆ ಮೊದಲು ಆ ಎಂಬತ್ತು ಯಾವುವು ಅಂತ ನೋಡಿ. ಒಪ್ಪಿಗೆ ಪ್ರಮಾಣ ಹೆಚ್ಚಿಸಿಕೊಳ್ಳುವ ಸುಲಭ ದಾರಿ ಎಲ್ಲರಿಗೂ ಗೊತ್ತು. ಸರ್ಕಾರ ಹೇಗಿದ್ದರೂ ಮಾಡಲಿದ್ದ ಕೆಲಸವನ್ನೇ ಶಿಫಾರಸು ಮಾಡಿದರೆ ಆಯಿತು! ಅದಕ್ಕೇ ಪ್ರತಿ ಸಾಲಿಗೂ ಇನ್ನೊಂದು ಕಾಲಮ್ಮು ಸೇರಿಸಿ, "ಎಷ್ಟು ಕಷ್ಟದ್ದು" ಅಂತ. ಹೊಸ ಕಾನೂನು ಬೇಕಾ, ಜಾಸ್ತಿ ಹಣ ಬೇಕಾ, ಬಲವಾದ ಒಂದು ಇಲಾಖೆಯ ವಿರೋಧ ಇದೆಯಾ? ಈ ಮೂರರಲ್ಲಿ ಯಾವುದೂ ಇಲ್ಲದ ಶಿಫಾರಸು ಸುಲಭದ್ದು. ಸುಲಭದ್ದನ್ನೂ ಕಷ್ಟದ್ದನ್ನೂ ಬೇರೆ ಬೇರೆ ಎಣಿಸಿ.

"ತಾತ್ವಿಕವಾಗಿ ಒಪ್ಪಲಾಗಿದೆ" ಅನ್ನುವುದಕ್ಕೆ ಪ್ರತ್ಯೇಕ ಖಾನೆ ಕೊಡಿ. ಅದು ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. ಅನುಭವಿ ಅಧಿಕಾರಿಗಳು ನಯವಾಗಿ "ಬೇಡ" ಅನ್ನುವ ರೀತಿ ಅದು. "ಪರಿಶೀಲನೆಯಲ್ಲಿದೆ" ಕೂಡ ಅದೇ ಜಾತಿ.

ಕಾರಣ ಕೊಟ್ಟು ತಿರಸ್ಕರಿಸಿದ್ದನ್ನು ನಾನು ಕಾರಣ ಇಲ್ಲದೆ ಒಪ್ಪಿದ್ದಕ್ಕಿಂತ ಮೇಲೆ ಇಡುತ್ತೇನೆ. ಕಾರಣ ಬರೆಯಬೇಕಾದರೆ ಯಾರೋ ಒಬ್ಬರು ಕೂತು ಆ ಸಲಹೆಯನ್ನು ಓದಿ, ತಮ್ಮ ವಾದವನ್ನು ಅದರ ಎದುರು ಇಟ್ಟು ನೋಡಲೇಬೇಕಾಯಿತು. ಸಲಹಾ ಮಂಡಳಿ ಇರುವುದೇ ಅದಕ್ಕೆ ಅಲ್ವಾ? ನಿರ್ಧಾರ ಮಾಡುವವರು ಚುನಾಯಿತರು. ಅವರು ಕಣ್ಣು ತೆರೆದು ನಿರ್ಧಾರ ಮಾಡಿದರಾ ಅನ್ನುವುದು ನಮ್ಮ ಪ್ರಶ್ನೆ.

ಹಂತ 5: ಒಂದೊಂದು ಸಲಹೆಯ ಜಾಡು ಹಿಡಿಯಿರಿ

ಈ ಹಂತ ಉದ್ದ. ಎರಡು ನಿಜ ಪ್ರಕರಣಗಳನ್ನು ಇಟ್ಟುಕೊಂಡು ಹೇಳುತ್ತೇನೆ.

ಮೊದಲನೆಯದು ಸೋತಂತೆ ಕಾಣುವ ಸಲಹೆ. 2006ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಸುಸ್ಥಿರ ಅಭಿವೃದ್ಧಿ ಆಯೋಗ ಅಣುವಿದ್ಯುತ್ ಬಗ್ಗೆ ವರದಿ ಕೊಟ್ಟಿತು. ಹೊಸ ಅಣುಸ್ಥಾವರ ಬೇಡ ಅಂತ ಬಹುಮತದ ಅಭಿಪ್ರಾಯ. ಐದು ಕಾರಣ ಕೊಟ್ಟರು: ತ್ಯಾಜ್ಯವನ್ನು ದೀರ್ಘಕಾಲ ಸುರಕ್ಷಿತವಾಗಿ ಇಡುವ ಸಮಸ್ಯೆ, ಖರ್ಚಿನ ಅನಿಶ್ಚಿತತೆ, ಒಮ್ಮೆ ಹಿಡಿದ ದಾರಿ ಬದಲಾಯಿಸಲು ಆಗದಿರುವುದು, ಇಂಧನ ಉಳಿತಾಯದ ಪ್ರಯತ್ನ ದುರ್ಬಲವಾಗುವುದು, ಅಂತರರಾಷ್ಟ್ರೀಯ ಭದ್ರತೆ. ಅಣುಸಾಮರ್ಥ್ಯ ದುಪ್ಪಟ್ಟು ಮಾಡಿದರೂ 2035ರ ಹೊತ್ತಿಗೆ ಇಂಗಾಲದ ಹೊರಸೂಸುವಿಕೆ ಶೇ. 8ರಷ್ಟು ಮಾತ್ರ ತಗ್ಗುತ್ತದೆ ಅಂತಲೂ ಲೆಕ್ಕ ಕೊಟ್ಟರು. ಅದೇ ಜುಲೈನಲ್ಲಿ ಸರ್ಕಾರದ ಇಂಧನ ಪರಾಮರ್ಶೆ ಅಣುವಿದ್ಯುತ್ ಪರವಾಗಿ ಬಂತು. 2007ರ ಫೆಬ್ರವರಿಯಲ್ಲಿ ಹೈಕೋರ್ಟು ಸರ್ಕಾರ ಜನಾಭಿಪ್ರಾಯ ಕೇಳಿದ ರೀತಿಯೇ ಸರಿ ಇಲ್ಲ ಅಂದಿತು. ಮತ್ತೆ ಅಭಿಪ್ರಾಯ ಕೇಳಿದರು. 2008ರ ಜನವರಿಯ ಶ್ವೇತಪತ್ರದಲ್ಲಿ, ಅಂದರೆ ಸರ್ಕಾರದ ಅಧಿಕೃತ ನೀತಿ ದಾಖಲೆಯಲ್ಲಿ, ಹೊಸ ಸ್ಥಾವರಗಳಿಗೆ ಹಸಿರು ನಿಶಾನೆ ಸಿಕ್ಕಿತು.

ನಿಮ್ಮ ಪಟ್ಟಿಯಲ್ಲಿ ಇದು "ತಿರಸ್ಕೃತ". ಅಲ್ಲಿಗೆ ನಿಲ್ಲಿಸಿದರೆ ಏನೂ ತಿಳಿಯುವುದಿಲ್ಲ. ಆಯೋಗದ ಐದು ಕಾರಣಗಳನ್ನು ಒಂದು ಕಡೆ ಬರೆದುಕೊಂಡು, 2006ರ ಪರಾಮರ್ಶೆಯಲ್ಲೂ 2008ರ ಶ್ವೇತಪತ್ರದಲ್ಲೂ ಒಂದೊಂದಕ್ಕೂ ಏನು ಉತ್ತರ ಇದೆ ಅಂತ ಎದುರುಬದುರು ಇಡಿ. ಉತ್ತರ ಮೊದಲಿಗಿಂತ ಗಟ್ಟಿಯಾಯಿತಾ? ಆಗಿದ್ದರೆ ಯಾರಿಂದ? ಇಲ್ಲೊಂದು ಎಚ್ಚರ ಬೇಕು. ಕೋರ್ಟಿಗೆ ಹೋಗಿದ್ದು ಆಯೋಗ ಅಲ್ಲ, ಗ್ರೀನ್‌ಪೀಸ್. ಎರಡನೇ ಸುತ್ತಿನ ಜನಾಭಿಪ್ರಾಯ ಸಂಗ್ರಹದ ಶ್ರೇಯಸ್ಸನ್ನು ಆಯೋಗದ ಖಾತೆಗೆ ಜಮಾ ಮಾಡುವ ಹಾಗಿಲ್ಲ.

ಇನ್ನೊಂದು ಮಾತು. ಸಲಹೆ ನಡೆಯಿತಾ ಅನ್ನುವುದು ಒಂದು ಕಾಲಮ್ಮು, ಸಲಹೆ ಸರಿಯಿತ್ತಾ ಅನ್ನುವುದು ಬೇರೆ ಕಾಲಮ್ಮು. ಆ ನೀತಿಯಿಂದ ಮೊದಲು ಕಟ್ಟಲು ಹೊರಟ ಹಿಂಕ್ಲಿ ಪಾಯಿಂಟ್ ಸಿ ಸ್ಥಾವರಕ್ಕೆ 2016ರಲ್ಲಿ 1,800 ಕೋಟಿ ಪೌಂಡ್ ಆಗುತ್ತದೆ ಅಂದಿದ್ದರು. 2024ರ ಜನವರಿಯಲ್ಲಿ ಕಂಪನಿಯೇ ಕೊಟ್ಟ ಅಂದಾಜು, 2015ರ ಬೆಲೆಯಲ್ಲೇ, 3,100ರಿಂದ 3,500 ಕೋಟಿ ಪೌಂಡ್. ಖರ್ಚಿನ ಬಗ್ಗೆ ಆಯೋಗ ಪಟ್ಟ ಅನುಮಾನ ಸುಮ್ನೆ ಅಲ್ಲ ಅಂತಾಯಿತು. ಹಾಗಂತ ಉಳಿದ ನಾಲ್ಕೂ ಕಾರಣ ಸರಿ ಅಂತ ಇದರಿಂದ ಸಾಬೀತಾಗುವುದಿಲ್ಲ. ಒಂದೊಂದನ್ನೂ ಬೇರೆಯಾಗಿ ನೋಡಬೇಕು.

ಎರಡನೆಯದು ಗೆದ್ದಂತೆ ಕಾಣುವ ಸಲಹೆ. ವೇಲ್ಸ್‌ನಲ್ಲಿ ನ್ಯೂಪೋರ್ಟ್ ಊರಿನ ಹತ್ತಿರ ಎಂ4 ಹೆದ್ದಾರಿಗೆ ಪರ್ಯಾಯ ರಸ್ತೆ ಮಾಡುವ ಯೋಜನೆ ಇತ್ತು. ಮುಂದಿನ ಪೀಳಿಗೆಗಳ ಆಯುಕ್ತರಾಗಿದ್ದ ಸೋಫಿ ಹೌ ಬಹಿರಂಗವಾಗಿಯೇ ವಿರೋಧಿಸಿದರು, 2017ರ ಸಾರ್ವಜನಿಕ ವಿಚಾರಣೆಯಲ್ಲಿ ಲಿಖಿತ ವಾದ ಕೊಟ್ಟರು. ವಿಚಾರಣೆ ನಡೆಸಿದ ಅಧಿಕಾರಿ ಮಾತ್ರ ರಸ್ತೆಯ ಪರ ವರದಿ ಕೊಟ್ಟರು. 2018ರ ಡಿಸೆಂಬರಿನಲ್ಲಿ ಮಾರ್ಕ್ ಡ್ರೇಕ್‌ಫರ್ಡ್ ವೇಲ್ಸ್ ಸರ್ಕಾರದ ಹೊಸ ಮುಖ್ಯ ಸಚಿವರಾದರು. 2019ರ ಜೂನ್‌ನಲ್ಲಿ ಅವರು ಯೋಜನೆ ಕೈಬಿಟ್ಟರು. ಹಣದ ಕಾರಣ ಹೇಳಿದರು, ಪರಿಸರದ ಹಾನಿಗೆ ವಿಚಾರಣಾಧಿಕಾರಿಗಿಂತ ತಾವು ಜಾಸ್ತಿ ತೂಕ ಕೊಡುವುದಾಗಿಯೂ ಹೇಳಿದರು.

ಆಯುಕ್ತರು ಬೇಡ ಅಂದರು, ರಸ್ತೆ ನಿಂತಿತು. ಹಾಗಾದರೆ ಆಯುಕ್ತರ ಸಲಹೆಯಿಂದಲೇ ನಿಂತಿತಾ? ಈಗ ಪೈಪೋಟಿಯ ವಿವರಣೆಗಳನ್ನು ಸಾಲಾಗಿ ಬರೆಯಿರಿ. ದುಡ್ಡಿರಲಿಲ್ಲ. ಮುಖ್ಯ ಸಚಿವರು ಬದಲಾದರು. ಪರಿಸರ ಸಂಘಟನೆಗಳ ಹೋರಾಟ ಇತ್ತು. ಆಯುಕ್ತರ ವಾದ ಕೆಲಸ ಮಾಡಿತು. 2015ರ ಕಾಯ್ದೆ ಇದ್ದದ್ದರಿಂದ ನಿರ್ಧಾರದ ಭಾಷೆಯೇ ಬದಲಾಯಿತು. ಪ್ರತಿ ವಿವರಣೆಗೂ ಎರಡು ಪ್ರಶ್ನೆ ಹಾಕಿ. ಇದು ನಿಜವಾಗಿದ್ದರೆ ಯಾವ ಸಾಕ್ಷಿ ಇರಲೇಬೇಕು? ಯಾವ ಸಾಕ್ಷಿ ಸಿಕ್ಕರೆ ಬೇರೆ ವಿವರಣೆಗಳು ಬಿದ್ದುಹೋಗುತ್ತವೆ? ಆಯುಕ್ತರ ವಾದ ಕೆಲಸ ಮಾಡಿದೆ ಅನ್ನಬೇಕಾದರೆ ಕನಿಷ್ಠ ಅದು ನಿರ್ಧಾರಕ್ಕೆ ಮೊದಲು ಮುಖ್ಯ ಸಚಿವರ ಕಡತ ತಲುಪಿರಬೇಕು. ಇಲ್ಲದಿದ್ದರೆ ಆ ವಿವರಣೆ ಅಲ್ಲಿಗೇ ಮುಗಿಯಿತು. ತಲುಪಿದೆ ಅಂತಿಟ್ಟುಕೊಳ್ಳಿ, ಅಷ್ಟರಿಂದ ಗೆದ್ದ ಹಾಗಲ್ಲ. ನಿರ್ಧಾರದ ಪತ್ರದಲ್ಲಿ ವಿಚಾರಣಾಧಿಕಾರಿಯ ವಾದ ಬಿಟ್ಟು ಆಯುಕ್ತರ ವಾದವನ್ನೇ ಹಿಡಿದ ಭಾಗ ಇದ್ದರೆ ಅದು ಬಲವಾದ ಸಾಕ್ಷಿ.

ಸಾಮಾಜಿಕ ವಿಜ್ಞಾನದಲ್ಲಿ ಈ ವಿಧಾನಕ್ಕೆ ಪ್ರೊಸೆಸ್ ಟ್ರೇಸಿಂಗ್ ಅನ್ನುತ್ತಾರೆ. ಇದರ ಹತ್ತಿರದ ನೆಂಟ ಕಾಂಟ್ರಿಬ್ಯೂಷನ್ ಅನಾಲಿಸಿಸ್, ಕೆನಡಾದ ಜಾನ್ ಮೇನ್ ಬೆಳೆಸಿದ್ದು. ಅದರ ತಿರುಳು ಇಷ್ಟೇ: "ಇವರಿಂದಲೇ ಆಯಿತು" ಅಂತ ಸಾಬೀತು ಮಾಡಲು ಹೋಗಬೇಡಿ, "ಇವರ ಪಾಲು ಇದೆ ಅಂತ ನಂಬಲು ಸಾಕಷ್ಟು ಕಾರಣ ಇದೆಯಾ" ಅಂತ ಕೇಳಿ. ನೀತಿ ವಿಷಯದಲ್ಲಿ ಇದಕ್ಕಿಂತ ಹೆಚ್ಚು ಹೇಳುವವರನ್ನು ನಾನು ನಂಬುವುದಿಲ್ಲ.

ಜಾಡು ಹಿಡಿಯಲು ಬೇಕಾದ ಕಾಗದಗಳು: ನೀತಿಯ ಬೇರೆ ಬೇರೆ ಕರಡುಗಳು, ಸಚಿವ ಸಂಪುಟದ ಟಿಪ್ಪಣಿಗಳು ಸಿಕ್ಕರೆ ಅವು, ಸಂಸತ್ತಿನ ಚರ್ಚೆಯ ದಾಖಲೆ, ಸಮಿತಿ ನಡಾವಳಿ, ಬಜೆಟ್ ದಾಖಲೆ, ಲೆಕ್ಕಪರಿಶೋಧನಾ ವರದಿ. ಮಾಹಿತಿ ಹಕ್ಕಿನ ಕಾನೂನು ಇರುವ ದೇಶದಲ್ಲಿ ಅರ್ಜಿ ಹಾಕಿ, ಮೊದಲ ವಾರವೇ ಹಾಕಿ, ಉತ್ತರ ಬರುವುದಕ್ಕೆ ತಿಂಗಳುಗಳಾಗುತ್ತವೆ. ಕರಡುಗಳನ್ನು ಅಕ್ಕಪಕ್ಕ ಇಟ್ಟು ಓದುವುದು ನಿಧಾನದ ಕೆಲಸ, ಆದರೆ ಒಮ್ಮೊಮ್ಮೆ ಮಂಡಳಿಯ ವಾಕ್ಯವೇ ಎರಡನೇ ಕರಡಿನಲ್ಲಿ ಅಕ್ಷರಶಃ ಕಾಣಿಸಿಕೊಂಡು ಅಂತಿಮ ಪ್ರತಿಯಲ್ಲಿ ಮಾಯವಾಗಿರುತ್ತದೆ. ಆಗ ಮಧ್ಯದಲ್ಲಿ ಯಾರ ಕೈ ಆಡಿತು ಅಂತ ಹುಡುಕಬೇಕಾದ ದಿನಗಳು ನಿಮಗೆ ನಿಖರವಾಗಿ ಗೊತ್ತಾಗುತ್ತವೆ.

ಹಂತ 6: ಜನರ ಜೊತೆ ಮಾತಾಡಿ

ಕಾಗದದಲ್ಲಿ ಇಲ್ಲದ್ದು ಮಾತಿನಲ್ಲಿ ಸಿಗುತ್ತದೆ, ಕೇಳುವ ರೀತಿ ಗೊತ್ತಿದ್ದರೆ. "ಮಂಡಳಿಯ ಸಲಹೆ ಉಪಯೋಗವಾಯಿತಾ?" ಅಂತ ಕೇಳಬೇಡಿ. ಎಲ್ಲರೂ "ತುಂಬಾ ಉಪಯೋಗವಾಯಿತು" ಅಂತಲೇ ಹೇಳುತ್ತಾರೆ, ಖರ್ಚಿಲ್ಲದ ಮಾತು. ಹೀಗೆ ಕೇಳಿ: "ಆ ಟಿಪ್ಪಣಿ ಬರೆಯುವಾಗ ನಿಮ್ಮ ಮೇಜಿನ ಮೇಲೆ ಯಾವ್ಯಾವ ಕಾಗದ ಇದ್ದವು?" "ಅಂಕಿ ಅಂಶ ಎಲ್ಲಿಂದ ತಗೊಂಡಿರಿ?" "ಅದನ್ನು ಓದಿ ಯಾರಿಗೆ ಫೋನ್ ಮಾಡಿದಿರಿ?" ಮಂಡಳಿಯ ಹೆಸರನ್ನು ನೀವಾಗಿ ಎತ್ತಬೇಡಿ. ಅವರಾಗಿ ಎತ್ತುತ್ತಾರಾ ಅಂತ ಕಾಯಿರಿ. ಅರ್ಧ ಗಂಟೆ ಮಾತಾಡಿದರೂ ಹೆಸರು ಬರಲಿಲ್ಲ ಅಂದರೆ ಅದೂ ಒಂದು ಉತ್ತರ.

ಪರಿಸರ ಇಲಾಖೆಯವರನ್ನಷ್ಟೇ ಮಾತಾಡಿಸಿ ಬರಬೇಡಿ. ಅವರು ಮೊದಲೇ ಮಂಡಳಿಯ ಕಡೆಯವರು. ಹಣಕಾಸು, ಇಂಧನ, ಸಾರಿಗೆ, ಕೃಷಿ ಇಲಾಖೆಗಳ ಮಧ್ಯಮ ಹಂತದ ಅಧಿಕಾರಿಗಳನ್ನು ಹುಡುಕಿ. ಕರಡು ಬರೆಯುವುದು ಅವರೇ. ನಿವೃತ್ತರಾದವರು ಇನ್ನೂ ಒಳ್ಳೆಯದು, ಬಾಯಿ ಬಿಡುತ್ತಾರೆ. ಮಂಡಳಿಯ ಸದಸ್ಯರಾಗಿದ್ದು ರಾಜೀನಾಮೆ ಕೊಟ್ಟವರು ಇದ್ದರೆ ಅವರನ್ನು ಬಿಡಲೇಬೇಡಿ. ಹೆಸರು ಹಾಕುವುದಿಲ್ಲ ಅಂತ ಮೊದಲೇ ಹೇಳಿ, ಹೇಳಿದ ಮೇಲೆ ಉಳಿಸಿಕೊಳ್ಳಿ. ಒಬ್ಬರ ಮಾತನ್ನು ಮಾತ್ರ ನಂಬಿ ತೀರ್ಮಾನಕ್ಕೆ ಬರಬೇಡಿ, ಒಂದು ಕಾಗದವೋ ಇನ್ನೊಬ್ಬರ ಮಾತೋ ಜೊತೆಗಿರಲಿ.

ಹಂತ 7: ಕಣ್ಣಿಗೆ ಬೀಳದ ಪ್ರಭಾವವನ್ನೂ ಲೆಕ್ಕಕ್ಕೆ ತಗೊಳ್ಳಿ

ಸಲಹೆ ನೇರವಾಗಿ ಆದೇಶವಾಗಿ ಬರುವುದು ಕಡಿಮೆ. ಸಂಶೋಧನೆಯನ್ನು ಸರ್ಕಾರಗಳು ಹೇಗೆ ಬಳಸುತ್ತವೆ ಅಂತ ಅಧ್ಯಯನ ಮಾಡಿದ ಅಮೆರಿಕದ ಕ್ಯಾರಲ್ ವೈಸ್ 1970ರ ದಶಕದಲ್ಲೇ ಇದನ್ನು ಹೇಳಿದ್ದರು. ವಿಚಾರಗಳು ನಿಧಾನವಾಗಿ ಒಳಗಿಳಿಯುತ್ತವೆ, ಜನ ಯೋಚಿಸುವ ರೀತಿ ಬದಲಾಗುತ್ತದೆ, ಎಲ್ಲಿಂದ ಬಂತು ಅಂತ ಅವರಿಗೇ ನೆನಪಿರುವುದಿಲ್ಲ. ಜೊತೆಗೆ ಇನ್ನೊಂದು ಬಳಕೆಯೂ ಇದೆ. ಮೊದಲೇ ಮಾಡಿಯಾದ ನಿರ್ಧಾರಕ್ಕೆ ಹಾರ ಹಾಕಲು ಸಲಹೆಯನ್ನು ಉಲ್ಲೇಖಿಸುವುದು. ದಿನಾಂಕ ನೋಡಿ ಇದನ್ನು ಹಿಡಿಯಬಹುದು. ನಿರ್ಧಾರ ಆದ ಮೇಲೆ ಬಂದ ವರದಿ ಆ ನಿರ್ಧಾರಕ್ಕೆ ಕಾರಣ ಆಗುವುದು ಹೇಗೆ?

ನಿಧಾನದ ಪ್ರಭಾವ ಹುಡುಕಲು ಮಂಡಳಿ ಮೊದಲು ಬಳಸಿದ ಒಂದು ವಿಶೇಷ ಪದ, ಒಂದು ಅಂಕಿ, ಅಥವಾ ಒಂದು ವಿಧಾನ ಆರಿಸಿ. ಸಂಸತ್ತಿನ ಚರ್ಚೆ, ಪಕ್ಷಗಳ ಪ್ರಣಾಳಿಕೆ, ಇಲಾಖೆಗಳ ವರದಿಯಲ್ಲಿ ಅದು ಮೊದಲು ಯಾವಾಗ ಬಂತು, ಆಮೇಲೆ ಹೇಗೆ ಹರಡಿತು ಅಂತ ನೋಡಿ. ಸಲಹೆ ಸರ್ಕಾರವನ್ನು ಬಿಟ್ಟು ಬೇರೆಯವರ ಕೈಯಲ್ಲಿ ಬೆಳೆದಿರಬಹುದು. ಜರ್ಮನಿಯ ಮಂಡಳಿ 2011ರಲ್ಲಿ ಕಂಪನಿಗಳಿಗಾಗಿ ಒಂದು ಸುಸ್ಥಿರತಾ ಸಂಹಿತೆ ಮಾಡಿತು, ಅಂದರೆ ಸುಸ್ಥಿರತೆ ಬಗ್ಗೆ ಕಂಪನಿಗಳು ಏನೇನು ವರದಿ ಮಾಡಬೇಕು ಅನ್ನುವ ಪಟ್ಟಿ. ಅದನ್ನು ಬಳಸಿದ್ದು ಕಂಪನಿಗಳು. ಸಚಿವಾಲಯದ ಕಡತ ಮಾತ್ರ ನೋಡುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಹಂತ 8: ಸೂಚಕಗಳನ್ನು ಕೈಗೆತ್ತಿಕೊಳ್ಳಿ, ಮೈಮರೆಯಬೇಡಿ

2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳು 17, ಅವುಗಳ ಕೆಳಗೆ 169 ಉಪಗುರಿಗಳು. ದೇಶಗಳು 2016ರಿಂದ ಸ್ವಯಂಪ್ರೇರಿತ ಪರಾಮರ್ಶೆ ವರದಿಗಳನ್ನು ಸಲ್ಲಿಸುತ್ತಿವೆ. ಸೂಚಕಗಳಿಗೆ, ಅಂದರೆ ಗುರಿಯತ್ತ ಎಷ್ಟು ಸಾಗಿದೆವು ಅಂತ ತೋರಿಸುವ ಅಂಕಿಗಳಿಗೆ, ಬರ ಇಲ್ಲ. ಆ ವರದಿಗಳಲ್ಲಿ "ಸಲಹಾ ಮಂಡಳಿಯೊಂದಿಗೆ ಸಮಾಲೋಚಿಸಲಾಗಿದೆ" ಅನ್ನುವ ಸಾಲು ಕಂಡರೆ ಮಂಡಳಿಗೆ ಕರಡು ಯಾವ ದಿನ ಸಿಕ್ಕಿತು, ಎಷ್ಟು ದಿನ ಸಮಯ ಕೊಟ್ಟರು, ಅವರ ಟಿಪ್ಪಣಿಯಿಂದ ಏನು ಬದಲಾಯಿತು ಅಂತ ಕೇಳಿ.

ಸೂಚಕ ಸುಧಾರಿಸಿದರೆ ಮಂಡಳಿ ಗೆದ್ದಿತು, ಹದಗೆಟ್ಟರೆ ಸೋತಿತು ಅನ್ನುವಷ್ಟು ಸರಳ ಇಲ್ಲ. ಜರ್ಮನಿಯನ್ನೇ ನೋಡಿ. ಊರು, ರಸ್ತೆಗಳಿಗಾಗಿ ದಿನಕ್ಕೆ ಎಷ್ಟು ಹೆಕ್ಟೇರ್ ಹೊಸ ಜಾಗ ಹೋಗುತ್ತಿದೆ ಅನ್ನುವುದು ಅವರ ಒಂದು ಸೂಚಕ. 2000ದ ಹೊತ್ತಿಗೆ ಅದು ಸುಮಾರು 130 ಹೆಕ್ಟೇರ್. 2020ರೊಳಗೆ 30ಕ್ಕೆ ಇಳಿಸಬೇಕು ಅಂತ 2002ರ ಕಾರ್ಯತಂತ್ರದಲ್ಲಿ ಬರೆದರು. ಮಂಡಳಿ 2004ರಲ್ಲಿ ಈ ಗುರಿ ಬಗ್ಗೆಯೇ ಶಿಫಾರಸು ಕೊಟ್ಟಿತು. 2020ರಲ್ಲಿ ಅದು ಇನ್ನೂ 50ರ ಮೇಲೆಯೇ ಇತ್ತು. ಗುರಿಯನ್ನು 30ಕ್ಕಿಂತ ಕಡಿಮೆ ಅಂತ ಮಾಡಿ 2030ಕ್ಕೆ ದೂಡಿದರು. ಇದು ಸೋಲಾ ಗೆಲುವಾ? ಅರ್ಧಕ್ಕಿಂತ ಕೆಳಗೆ ಇಳಿದಿದ್ದು ನಿಜ, ಗುರಿ ತಪ್ಪಿದ್ದೂ ನಿಜ. ಮೌಲ್ಯಮಾಪನ ಮಾಡುವವರು ಇಲ್ಲಿ ಮನೆ ಕಟ್ಟುವ ಉದ್ಯಮದ ಏರಿಳಿತ, ಅಂಕಿ ಲೆಕ್ಕ ಹಾಕುವ ವಿಧಾನದಲ್ಲಾದ ಬದಲಾವಣೆ, ಸ್ಥಳೀಯ ಸಂಸ್ಥೆಗಳ ತೆರಿಗೆ ಆಸೆ, ಇವನ್ನೆಲ್ಲ ಬೇರ್ಪಡಿಸಬೇಕು. ಆಮೇಲೆ ಉಳಿದದ್ದರಲ್ಲಿ ಮಂಡಳಿಯ ಪಾಲು ಏನು ಅಂತ ಹಂತ 5ರ ರೀತಿಯಲ್ಲೇ ನೋಡಬೇಕು.

ಹಂತ 9: ಸಲಹೆಯ ಗುಣಮಟ್ಟ, ಖರ್ಚು

ಇದು ಬೇಗ ಮುಗಿಯುವ ಹಂತ. ಗುಣಮಟ್ಟಕ್ಕೆ ಮೂರು ಪ್ರಶ್ನೆ ಸಾಕು. ನಿರ್ಧಾರ ಮಾಡುವ ಹೊತ್ತಿಗೆ ಬೇಕಾದ ವಿಷಯದ ಬಗ್ಗೆ ಇತ್ತಾ? ಸಾಕ್ಷ್ಯ ಗಟ್ಟಿಯಿತ್ತಾ? ಸಂಬಂಧಪಟ್ಟವರ ದನಿ ಕೇಳಿ ಬರೆದದ್ದಾ, ಇಲ್ಲಾ ನಾಲ್ಕು ಜನ ಕೂತು ಬರೆದದ್ದಾ? ಒಂದೆರಡು ವರದಿಗಳನ್ನು ಆ ಕ್ಷೇತ್ರದ ಹೊರಗಿನ ತಜ್ಞರಿಗೆ ಹೆಸರು ಮುಚ್ಚಿ ಕೊಟ್ಟು ಓದಿಸಿ. ಖರ್ಚಿನ ವಿಷಯದಲ್ಲಿ ಮಂಡಳಿ ಸ್ವತಃ ಹೇಳಿಕೊಳ್ಳುವ "ಇಷ್ಟು ಉಳಿಸಿದೆವು" ಲೆಕ್ಕವನ್ನು ಹಾಗೆಯೇ ನಕಲು ಮಾಡಬೇಡಿ. ಸರ್ಕಾರ ಮುಚ್ಚುವಾಗ ಹೇಳುವ "ಇಷ್ಟು ಉಳಿಯಿತು" ಲೆಕ್ಕವನ್ನೂ ನಕಲು ಮಾಡಬೇಡಿ.

ಮುಚ್ಚುವ ವಿಷಯ ಬಂದದ್ದರಿಂದ ಹೇಳುತ್ತೇನೆ, ಮುಚ್ಚಲು ಕೊಟ್ಟ ಕಾರಣವನ್ನೂ ಸಾಕ್ಷಿಯಾಗಿ ಓದಿ. ಕೆನಡಾದ ದುಂಡುಮೇಜು ಮಂಡಳಿ ವಿಷಯದಲ್ಲಿ ಮೊದಲು ಹೇಳಿದ್ದು ಈಗ ಇಂಥ ಸಲಹೆ ಬೇರೆ ಕಡೆಗಳಲ್ಲೂ ಸಿಗುತ್ತದೆ ಅಂತ. 2012ರ ಮೇನಲ್ಲಿ ಆಗಿನ ವಿದೇಶಾಂಗ ಸಚಿವ ಜಾನ್ ಬೇರ್ಡ್ ಸಂಸತ್ತಿನಲ್ಲಿ ಎದ್ದು ನಿಂತು, ಜನ ಬೇಡ ಅಂದ ಕಾರ್ಬನ್ ತೆರಿಗೆಯ (ಇಂಗಾಲ ಹೊರಬಿಡುವುದರ ಮೇಲಿನ ತೆರಿಗೆ) ಪರ ವರದಿ ಬರೆಯುವವರಿಗೆ ತೆರಿಗೆದಾರರ ಹಣ ಯಾಕೆ ಕೊಡಬೇಕು ಅನ್ನುವ ಅರ್ಥದ ಮಾತಾಡಿದರು. ಯಾವ ಸಲಹೆ ಎಲ್ಲಿ ಚುಚ್ಚಿತು ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ದಾಖಲೆ ಬೇಕಾ?

ಹಂತ 10: ತೀರ್ಪು ಬರೆಯಿರಿ, ಪಟ್ಟಿ ಉಳಿಸಿ

ಅಂಕ ಕೊಡಬೇಡಿ. ಹತ್ತಕ್ಕೆ ಆರೂವರೆ ಅಂದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ, ಪತ್ರಿಕೆಯ ತಲೆಬರಹಕ್ಕೆ ಮಾತ್ರ ಅನುಕೂಲ. ಆರಿಸಿದ ಪ್ರತಿ ಪ್ರಕರಣಕ್ಕೂ ಒಂದು ಪುಟ ಬರೆಯಿರಿ: ಸಲಹೆ ಏನಿತ್ತು, ಯಾರ ಮೇಜಿಗೆ ಹೋಯಿತು, ಏನಾಯಿತು, ಮಂಡಳಿಯ ಪಾಲು ಬಲವಾಗಿದೆಯಾ, ಸಾಧಾರಣವಾ, ಕಾಣುವುದಿಲ್ಲವಾ, ಯಾವ ಸಾಕ್ಷಿಯ ಮೇಲೆ ಹೀಗೆ ಹೇಳುತ್ತಿದ್ದೀರಿ. ಸಾಕ್ಷಿ ತೆಳುವಾಗಿದ್ದರೆ ತೆಳುವಾಗಿದೆ ಅಂತಲೇ ಬರೆಯಿರಿ. ಇಷ್ಟಾದ ಮೇಲೆ ದೋಷ ಎಲ್ಲಿದೆ ಅಂತ ಬಿಡಿಸಿ ಹೇಳಿ. ಮಂಡಳಿ ಮಸುಕಾಗಿ ಬರೆದದ್ದಾ, ತಡವಾಗಿ ಕೊಟ್ಟದ್ದಾ, ಸರಿಯಾಗಿ ಕೊಟ್ಟರೂ ಇಲಾಖೆ ಓದದ್ದಾ, ಓದಲೇಬೇಕು ಅನ್ನುವ ಸಾಲು ಕಾಯ್ದೆಯಲ್ಲಿ ಇಲ್ಲದ್ದಾ? ಒಂದೊಂದಕ್ಕೂ ಮದ್ದು ಬೇರೆ.

ಕರಡನ್ನು ಮಂಡಳಿಗೂ ಸಂಬಂಧಪಟ್ಟ ಇಲಾಖೆಗಳಿಗೂ ಒಂದೇ ದಿನ ಕಳಿಸಿ, ಎರಡು ವಾರ ಸಮಯ ಕೊಡಿ. ವಾಸ್ತವಾಂಶ ತಪ್ಪಿದ್ದರೆ ತಿದ್ದಿ. ಅಭಿಪ್ರಾಯ ತಿದ್ದಿ ಅಂದರೆ ಅವರ ಆಕ್ಷೇಪವನ್ನು ಅನುಬಂಧದಲ್ಲಿ ಪೂರ್ತಿ ಹಾಕಿ, ನಿಮ್ಮ ಮಾತು ಹಾಗೇ ಇರಲಿ.

ಹಂತ 3ರ ಪಟ್ಟಿಯನ್ನು ವರದಿಯ ಜೊತೆಗೇ ಎಲ್ಲರೂ ಇಳಿಸಿಕೊಳ್ಳುವಂತೆ ಪ್ರಕಟಿಸಿ. ಎರಡು ವರ್ಷ ಬಿಟ್ಟು "ಪರಿಶೀಲನೆಯಲ್ಲಿದೆ" ಅಂತ ಇದ್ದ ಸಾಲುಗಳನ್ನು ಮಾತ್ರ ಮತ್ತೆ ನೋಡಿ, ಆಗ ಅದು ಒಂದು ವಾರದ ಕೆಲಸ. ಮೂಲ ದಾಖಲೆಗಳ ಪ್ರತಿಗಳನ್ನು ನಿಮ್ಮ ಹತ್ತಿರವೂ ಇಟ್ಟುಕೊಳ್ಳಿ, ಒಂದು ಗ್ರಂಥಾಲಯಕ್ಕೋ ವಿಶ್ವವಿದ್ಯಾಲಯಕ್ಕೋ ಕೂಡ ಕೊಡಿ. ಬ್ರಿಟನ್ನಿನ ಆಯೋಗದ ವೆಬ್‌ಸೈಟನ್ನು ಅಲ್ಲಿನ ರಾಷ್ಟ್ರೀಯ ಪತ್ರಾಗಾರ ಉಳಿಸಿಟ್ಟಿದೆ, ಹಾಗಾಗಿ 2006ರ ವರದಿಯನ್ನು ಇವತ್ತಿಗೂ ಓದಬಹುದು. ಎಲ್ಲ ಕಡೆ ಆ ಅದೃಷ್ಟ ಇರುವುದಿಲ್ಲ. ಮಂಡಳಿ ಮುಚ್ಚಿದರೆ ಮೊದಲು ಹೋಗುವುದು ವೆಬ್‌ಸೈಟ್.